ಎಳೆಯ ನಾಲಿಗೆಗೆ ರುಚಿಯ ಪರಿಚಯ

ಮಗುವಿಗೆ 6 ತಿಂಗಳು ತುಂಬಿದೊಡನೆ ಎದೆಹಾಲಿನ ಜೊತೆಗೆ ಮೆತ್ತನೆಯ ಆಹಾರವನ್ನು ಆರಂಭಿಸಬೇಕು. ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ ಜರಡಿ ಹಿಡಿದ ರಾಗಿಯ ಸರಿಯು ಇದಕ್ಕೆ ಬಹು ಯೋಗ್ಯವಾದುದು. ಮುಂಬಯಿ, ಪುಣೆಗಳ ಅಂಗಡಿಗಳಲ್ಲಿ ರಾಗಿಯು ನಾಚಣಿ ಎಂಬ ಹೆಸರಿನಿಂದ ದೊರೆಯುತ್ತದೆ.

ಮೊದಲ ತುತ್ತನ್ನು ಮಗು ನಾಲಿಗೆಯಿಂದ ಹೊರದೂಡಿದರೆ ಅದನ್ನು ಅರುಚಿಯೆಂದು ತಿಳಿದು ಸಕ್ಕರೆ ಬೆರೆಸುವವರುಂಟು. ಇದರಿಂದ ಮಗುವಿಗೆ ಸಿಹಿಯೊಂದೇ ರೂಢಿಯಾಗುತ್ತದೆ. 2 ವರ್ಷ ತುಂಬುವವರೆಗೆ ಸಕ್ಕರೆ ಬೆರೆಸದಿರುವುದೇ ಲೇಸು. ಹೊಸ ರುಚಿಯೊಂದನ್ನು ಒಪ್ಪಿಕೊಳ್ಳಲು 8-10 ಸಲ, ಕೆಲವೊಮ್ಮೆ ಇನ್ನೂ ಹೆಚ್ಚು ಸಲ ಸವಿಯಬೇಕಾಗಬಹುದು. ಎಷ್ಟೋ ಮನೆಗಳಲ್ಲಿ ಅದಕ್ಕೆ ಮೊದಲೇ ಪ್ರಯತ್ನ ನಿಲ್ಲುತ್ತದೆ! ಸೊಪ್ಪು, ಕುಂಬಳಕಾಯಿ, ಬೇಳೆ ಯಾವುದೇ ಆಗಲಿ, ಬಲವಂತಪಡಿಸದೆ, ಒಂದೆರಡು ದಿನ ಬಿಟ್ಟು ಅದನ್ನೇ ಒಂದು ಚಮಚೆಯಷ್ಟು ಪುನಃ ಕೊಡಬೇಕು. ವರ್ಷ ತುಂಬಿದ ಮಗುವನ್ನು ಮನೆಯವರ ಪಂಕ್ತಿಯಲ್ಲಿಯೇ ಕೂರಿಸಿ, ತಾನಾಗಿಯೇ ತಿನ್ನಲು ಬಿಡಬೇಕು. ಚೆಲ್ಲಿದ್ದನ್ನು ಆಮೇಲೆ ಒರೆಸಬಹುದು.