ಗಲ್ಫ್ ದುಡ್ಡಿನ ಲೆಕ್ಕ ಬರೆಯುವ ಮಗಳಿಗೆ

ಸಾಂಖ್ಯಿಕ ಇಲಾಖೆಯಲ್ಲಿ ಕೆಲಸ ಸಿಕ್ಕಿತು, ಹೊರದೇಶದಲ್ಲಿ ದುಡಿಯುವವರು ಊರಿಗೆ ಕಳಿಸುವ ಹಣದ ವರದಿ ನಿನ್ನ ಮೇಜಿಗೇ ಬಂತು ಎಂದೆಯಲ್ಲ, ಕೇಳಿ ಖುಷಿಯಾಯಿತು ಮಗಳೇ. ಕರಾವಳಿಯ ಬ್ಯಾಂಕ್ ಶಾಖೆಗಳಲ್ಲಿ ಫಾರಿನ್ ಎಕ್ಸ್‌ಚೇಂಜ್ ನೋಡಿಕೊಂಡೇ ತಲೆ ನರೆಸಿಕೊಂಡವನು ನಾನು. ಆ ಸಲಿಗೆಯಲ್ಲಿ ಒಂದು ಮಾತು ಹೇಳುತ್ತೇನೆ: ಎಷ್ಟು ಹಣ ಬಂತು ಎಂದು ಬರೆಯುವ ಮೊದಲು, ಅದನ್ನು ಎಣಿಸಿದವರು ಯಾರು, ಎಲ್ಲಿ ನಿಂತು ಎಣಿಸಿದರು ಎಂದು ಕೇಳು.

ಮಂಗಳೂರಿನ ಒಂದೇ ಓಣಿಯ ಇಬ್ಬರನ್ನು ತೆಗೆದುಕೋ. ಒಬ್ಬ ದುಬೈಯಲ್ಲಿ ಎಲೆಕ್ಟ್ರಿಷಿಯನ್, ಅಲ್ಲೇ ಇದ್ದು ವರ್ಷಗಳಾದವು. ಇನ್ನೊಬ್ಬ ವಿದೇಶಿ ಕಂಪನಿಯ ಹಡಗಿನಲ್ಲಿದ್ದಾನೆ, ಕಾಂಟ್ರಾಕ್ಟ್ ಮುಗಿದಾಗಲೆಲ್ಲ ಮನೆಗೆ ಬರುತ್ತಾನೆ. ಎರಡೂ ಮನೆಗೆ ಈ ತಿಂಗಳು ಬಂದ ದುಡ್ಡು ಒಂದೇ ಎನ್ನು. ಐಎಂಎಫ್ ಕೈಪಿಡಿಯ ಕಣ್ಣಿಗೆ ಮಾತ್ರ ಅವು ಎರಡು ಜಾತಿಯ ಹಣ. ವರ್ಷ ಮೀರಿ ಅಲ್ಲಿ ನೆಲೆಸಿದ ದುಬೈಯವನು ಅಲ್ಲಿನ ನಿವಾಸಿ. ಅವನ ಸಂಬಳ ಅಲ್ಲಿನ ಲೆಕ್ಕಕ್ಕೆ ಹೋಗುತ್ತದೆ, ಮನೆಗೆ ಕಳಿಸಿದ್ದಷ್ಟೇ ನಮಗೆ ‘ವೈಯಕ್ತಿಕ ವರ್ಗಾವಣೆ’. ಹಡಗಿನವನು ಸಂಸಾರ ಇರುವ ಊರಿನವನೇ. ಅವನ ಸಂಬಳ ಇಡಿಯಾಗಿ ‘ನೌಕರರ ಸಂಭಾವನೆ’ಗೆ ಸೇರಬೇಕು, ಮನೆಗೆ ಕಳಿಸದೆ ಕೈಯಲ್ಲಿಟ್ಟುಕೊಂಡದ್ದೂ ಸೇರಿ. ಹಡಗಿನ ಸಂಬಳ ರಾಷ್ಟ್ರೀಯ ಆದಾಯದೊಳಗೆ ಬರುತ್ತದೆ. ದುಬೈಯ ಹಣ ಅಲ್ಲೂ ಬಾರದೆ, ದೇಶದ ಜನ ಖರ್ಚು ಮಾಡಬಲ್ಲ ಆದಾಯ ಲೆಕ್ಕಹಾಕುವಾಗ ಕೂಡಿಕೊಳ್ಳುತ್ತದೆ. ಜಿಡಿಪಿಗೆ ಎರಡೂ ಇಲ್ಲ. ‘ಜಿಡಿಪಿಯ ಶೇಕಡಾ ಇಷ್ಟು’ ಎಂದು ಬರೆದರೆ ಅದು ಬರೀ ಹೋಲಿಕೆ, ಜಿಡಿಪಿಯ ತುಂಡಲ್ಲ ಎಂಬುದು ನೆನಪಿರಲಿ.

ಬ್ಯಾಂಕಿನಲ್ಲಿ ಇವೆರಡನ್ನು ಬೇರ್ಪಡಿಸುವುದು ಪರ್ಪಸ್ ಕೋಡ್. ಪಿ1301 ಮನೆಖರ್ಚಿಗೆ, ಉಳಿತಾಯಕ್ಕೆ, ಪಿ1401 ಸಂಬಳಕ್ಕೆ. ಕೌಂಟರಿನ ಮುಂದೆ ಸಾಲು ಉದ್ದವಾದಾಗ ಗುಮಾಸ್ತನ ಕೈ ರೂಢಿಯಿಂದ 1301ಕ್ಕೇ ಹೋಗುವುದನ್ನು ಬೇಕಾದಷ್ಟು ನೋಡಿದ್ದೇನೆ. ನಿನ್ನ ಅಂದದ ಕೋಷ್ಟಕ ಹುಟ್ಟುವುದು ಅಂಥ ಕೌಂಟರುಗಳಲ್ಲಿ.

ಅನಿವಾಸಿ ಭಾರತೀಯರು ಇಲ್ಲಿನ ಬ್ಯಾಂಕಿನಲ್ಲಿ ಇಡುವ ಎನ್‌ಆರ್‌ಇ ಖಾತೆಯದು ಇನ್ನೊಂದು ಕಥೆ. ಮಗ ಅಲ್ಲಿಂದ ಹಣ ಹಾಕಿದ ದಿನ ಅದು ಠೇವಣಿ. ಅಂದರೆ ದೇಶ ಅವನಿಗೆ ತೀರಿಸಬೇಕಾದ ಬಾಕಿ, ಬಂಡವಾಳದ ಲೆಕ್ಕದಲ್ಲಿ ಕೂರುತ್ತದೆ. ಅಪ್ಪ ಮನೆ ಕಟ್ಟಿಸಲು ಅದನ್ನು ಇಲ್ಲಿ ತೆಗೆದ ದಿನ ಅದು ವರ್ಗಾವಣೆ ಆಗುತ್ತದೆ. ಗಡಿ ದಾಟಿದ ವರ್ಷ ಒಂದು, ವರ್ಗಾವಣೆಯೆಂದು ಎಣಿಕೆಯಾದ ವರ್ಷ ಇನ್ನೊಂದು. ಹಾಗಾಗಿ ಅಂಕಿ ಏರಿದ ಕೂಡಲೇ ‘ನಮ್ಮವರು ಹೆಚ್ಚು ಕಳಿಸಿದರು’ ಎಂದು ಬರೆಯಬೇಡ. ಇಲ್ಲಿಯವರು ಹೆಚ್ಚು ತೆಗೆದಿರಲೂಬಹುದು.

ಹುಂಡಿಯ ಹಣವಂತೂ ಯಾವ ಪುಸ್ತಕಕ್ಕೂ ಹತ್ತುವುದಿಲ್ಲ. ಅಲ್ಲಿ ದಿರಹಮ್ ಕೊಟ್ಟರೆ ಇಲ್ಲಿ ರೂಪಾಯಿ ಮನೆ ಬಾಗಿಲಿಗೆ ಬರುತ್ತದೆ, ಗಡಿ ದಾಟುವ ನೋಟು ಒಂದೂ ಇಲ್ಲ. 1990-91ರಲ್ಲಿ ದೇಶಕ್ಕೆ ಬಂದ ಖಾಸಗಿ ವರ್ಗಾವಣೆ ಸುಮಾರು 2.1 ಬಿಲಿಯನ್ ಡಾಲರ್, 1994-95ಕ್ಕೆ ಅದು 8.1. ನಾಲ್ಕು ವರ್ಷದಲ್ಲಿ ದುಡಿಯುವವರು ನಾಲ್ಕು ಪಟ್ಟಾದರೇ? ಇಲ್ಲ ಮಾರಾಯ್ತಿ. 1992ರಲ್ಲಿ ವಿನಿಮಯ ದರದ ಕಟ್ಟು ಸಡಿಲಾಯಿತು, ಊರಿಗೆ ಮರಳುವವರು ಚಿನ್ನ ತರಲು ಅನುಮತಿ ಸಿಕ್ಕಿತು. 1993ರಲ್ಲಿ ದರವನ್ನೇ ಮಾರುಕಟ್ಟೆಗೆ ಬಿಟ್ಟರು. ಬ್ಯಾಂಕಿನ ದರಕ್ಕೂ ಹುಂಡಿಯವನ ದರಕ್ಕೂ ಅಂತರ ಕರಗಿದಾಗ ಹಿಂಬಾಗಿಲಿನ ಹಣ ಮುಂಬಾಗಿಲಿಗೆ ಬಂತು. ಪ್ರಯಾಣಿಕರ ಲಗೇಜಿನಲ್ಲಿ ಬರುವ ಚಿನ್ನವನ್ನೂ ರಿಸರ್ವ್ ಬ್ಯಾಂಕ್ ಇದೇ ಲೆಕ್ಕಕ್ಕೆ ಸೇರಿಸುತ್ತದೆ. ಆ ಏರಿಕೆಯ ಒಂದು ದೊಡ್ಡ ಪಾಲು, ಮೊದಲೇ ಇದ್ದು ಎಣಿಕೆಗೆ ಸಿಗದಿದ್ದದ್ದು.

ಈಗ ನಿನ್ನನ್ನು ಖಂಡಿತ ಕಾಡುವ ಅಂಕಿಗೆ ಬರುತ್ತೇನೆ. ರಿಸರ್ವ್ ಬ್ಯಾಂಕಿನ ಸಮೀಕ್ಷೆಯಲ್ಲಿ ಕರ್ನಾಟಕದ ಪಾಲು 2016-17ರಲ್ಲಿ ಶೇ 15, 2023-24ರಲ್ಲಿ ಶೇ 7.7. ‘ರಾಜ್ಯಕ್ಕೆ ಬರುವ ಹಣ ಅರ್ಧಕ್ಕಿಳಿಯಿತು’ ಎಂಬ ತಲೆಬರಹ ಯಾರಿಗಾದರೂ ಹೊಳೆಯುತ್ತದೆ. ನೀನು ಗುಣಿಸಿ ನೋಡು. ದೇಶದ ಮೊತ್ತ ಅಷ್ಟರಲ್ಲಿ 61.3 ಬಿಲಿಯನ್ನಿನಿಂದ 118.7 ಬಿಲಿಯನ್ ಡಾಲರಿಗೆ ಏರಿತ್ತು. ಶೇಕಡಾವಾರನ್ನು ಹಾಗೇ ನಂಬಿದರೂ ನಮ್ಮ ಪಾಲಿಗೆ ಆ ಎರಡೂ ವರ್ಷ ಸುಮಾರು 9 ಬಿಲಿಯನ್ನೇ ಬರುತ್ತದೆ. ಇನ್ನು ಆ ಶೇಕಡಾವಾರನ್ನೂ ಪೂರ್ತಿ ನಂಬಬೇಡ. ಕೇರಳದ್ದು 2016-17ರಲ್ಲಿ ಶೇ 19, 2020-21ರಲ್ಲಿ ಶೇ 10.2, 2023-24ರಲ್ಲಿ ಮತ್ತೆ ಶೇ 19.7. ಮಹಾರಾಷ್ಟ್ರ ಅದೇ ಹೊತ್ತಿನಲ್ಲಿ ಶೇ 16.7ರಿಂದ 35.2ಕ್ಕೆ ಹಾರಿ 20.5ಕ್ಕೆ ಇಳಿಯಿತು. ಕೋವಿಡ್ ಕಾಲದ ಏರುಪೇರು ನಿಜವೇ. ಆದರೆ ಸಮೀಕ್ಷೆ ಪ್ರಶ್ನೆ ಕೇಳುವುದು ಬ್ಯಾಂಕುಗಳನ್ನು, ಹಣ ಉಣ್ಣುವ ಮನೆಗಳನ್ನಲ್ಲ. ಭಟ್ಕಳದ ಮನೆಗೆ ಬರುವ ಹಣವನ್ನು ಮುಂಬೈಯ ಕಚೇರಿ ಬರೆದುಕೊಂಡರೆ ಅದು ಮುಂಬೈಯ ಹಣವಾಗಿ ಕಾಣಬಹುದು. ಬೇರೆ ದೇಶದಿಂದ ಹೊರಟರೂ ನ್ಯೂಯಾರ್ಕಿನ ಬ್ಯಾಂಕ್ ಹಾದು ಬಂದದ್ದು ಅಮೆರಿಕದ್ದೆಂದು ಕಾಣುವುದೂ ಹೀಗೆಯೇ.

ಮನೆಗಳನ್ನೇ ಕೇಳುವ ದಾರಿಯೂ ಇದೆ. ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ 1998ರಲ್ಲಿ ಕೇರಳದ ವಲಸೆ ಸಮೀಕ್ಷೆ ಶುರು ಮಾಡಿತು, ಮನೆ ಮನೆಗೆ ಹೋಗಿ ಕೇಳಿತು. ನಿನಗೂ ಅಂಥ ಅವಕಾಶ ಸಿಕ್ಕರೆ, ‘ತಿಂಗಳಿಗೆ ಎಷ್ಟು ಬರುತ್ತದೆ’ ಎಂದು ಬಾಗಿಲಲ್ಲೇ ಕೇಳಬೇಡ. ಇನ್‌ಕಮ್ ಟ್ಯಾಕ್ಸಿನವಳು ಬಂದಳು ಎಂದುಕೊಂಡು ಅರ್ಧ ಹೇಳಿ ಸುಮ್ಮನಾಗುತ್ತಾರೆ. ಮಕ್ಕಳ ಫೀಸು ಯಾರು ಕಟ್ಟಿದರು, ಮನೆಸಾಲದ ಕಂತು ಯಾವ ಖಾತೆಯಿಂದ ಹೋಗುತ್ತದೆ, ಮೊನ್ನೆ ರಜೆಗೆ ಬಂದಾಗ ಏನೇನು ತಂದ, ಹೀಗೆ ಖರ್ಚಿನ ಕಡೆಯಿಂದ ಕೇಳು. ಅತ್ತೆಯನ್ನೂ ಕೇಳು, ಸೊಸೆಯನ್ನೂ ಕೇಳು. ಒಬ್ಬರಿಗೆ ಗೊತ್ತಿರುವ ಹಣ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ಇಷ್ಟೆಲ್ಲ ಕೇಳಿ, ಅಂಕಿಗಳೇ ಸುಳ್ಳು ಎಂಬ ತೀರ್ಮಾನಕ್ಕೆ ಬರಬೇಡ. ರಿಸರ್ವ್ ಬ್ಯಾಂಕಿನ ಮೊತ್ತ ಬ್ಯಾಂಕುಗಳ ಮೂಲಕ ಬಂದದ್ದನ್ನು ಚೆನ್ನಾಗಿಯೇ ಹೇಳುತ್ತದೆ. ಯಾವ ಮನೆಗೆ, ಯಾವ ಊರಿಗೆ ಎಂದು ಅದರ ಬಾಯಿಂದ ಹೇಳಿಸಲು ಹೋದಾಗ ತೊಡಕು. ಪ್ರತಿ ಕೋಷ್ಟಕದ ಕೆಳಗೆ ಮೂರು ಸಾಲು ಬರೆ: ಏನು ಸೇರಿದೆ, ಏನು ಬಿಟ್ಟಿದೆ, ಕೇಳಿದ್ದು ಯಾರನ್ನು. ಜಾಗ ಸಾಲದು, ಟಿಪ್ಪಣಿ ತೆಗೆ ಎಂದು ಮೇಲಿನವರು ಹೇಳಿದರೆ, ದಶಮಾಂಶದ ನಂತರದ ಅಂಕಿಗಳನ್ನು ತೆಗೆದು ಟಿಪ್ಪಣಿಯನ್ನು ಉಳಿಸಿಕೋ.