ಸಿಪ್ಪೆಯ ಸಾರಕ್ಕೆ ಕಿಣ್ವ ಬೇಕೇ?

ಪ್ರಶ್ನೆ: ಬಾಗಲಕೋಟೆ ಜಿಲ್ಲೆಯಲ್ಲಿ ನಮ್ಮದು ದಾಳಿಂಬೆ ರಸ ತೆಗೆಯುವ ಸಣ್ಣ ಘಟಕ. ಸಿಪ್ಪೆಯೆಲ್ಲ ತಿಪ್ಪೆ ಸೇರುತ್ತಿದೆ. ಕಿಣ್ವ ಬಳಸಿ ಅದರಿಂದ ಆ್ಯಂಟಿಆಕ್ಸಿಡೆಂಟ್ ತೆಗೆಯಬಹುದಂತೆ. ಕೈ ಹಾಕಬಹುದೇ?

ಉತ್ತರ: ಧಾರಾಳವಾಗಿ. ಆದರೆ ದೊಡ್ಡ ಯಂತ್ರ ಕೊಳ್ಳುವ ಮೊದಲು ಒಂದೆರಡು ಕಿಲೋ ಸಿಪ್ಪೆಯಲ್ಲಿ ಪರೀಕ್ಷಿಸಿ ನೋಡಿ.

ದಾಳಿಂಬೆ ಸಿಪ್ಪೆಯಲ್ಲಿ ಪ್ಯುನಿಕಲಾಜಿನ್, ಎಲಾಜಿಕ್ ಆಮ್ಲದಂಥ ಪಾಲಿಫಿನಾಲ್‌ಗಳು ಹೇರಳ; ನೀವು ಹೇಳುವ ಆ್ಯಂಟಿಆಕ್ಸಿಡೆಂಟ್ ಇವೇ. ಅವುಗಳಲ್ಲಿ ಒಂದು ಪಾಲು ಬಿಸಿನೀರಿಗೇ ಇಳಿಯುತ್ತದೆ. ಇನ್ನೊಂದು ಪಾಲು ಜೀವಕೋಶದ ಗೋಡೆಯ ಪೆಕ್ಟಿನ್, ಸೆಲ್ಯುಲೋಸ್‌ಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಆ ಗೋಡೆಯನ್ನು ಸಡಿಲಿಸುವುದು ಪೆಕ್ಟಿನೇಸ್, ಸೆಲ್ಯುಲೇಸ್ ಕಿಣ್ವಗಳ ಕೆಲಸ.

ಒಣಗಿಸಿದ ಸಿಪ್ಪೆಯ ಪುಡಿಯನ್ನು ನೀರಿನಲ್ಲಿ ಕಲಸಿ, ಸಿಟ್ರಿಕ್ ಆಮ್ಲದಿಂದ ಪಿಎಚ್ 4.5ರಿಂದ 5ಕ್ಕೆ ತನ್ನಿ. ಆಹಾರ ದರ್ಜೆಯ ಕಿಣ್ವ ಬೆರೆಸಿ, 45–50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ಗಂಟೆ ಕದಡುತ್ತಿರಿ. ಬಳಿಕ 85–90 ಡಿಗ್ರಿಗೆ ಕೆಲವು ನಿಮಿಷ ಕಾಯಿಸಿದರೆ ಕಿಣ್ವ ನಿಷ್ಕ್ರಿಯವಾಗುತ್ತದೆ. ಆಮೇಲೆ ಸೋಸಿ. ಹೆಚ್ಚು ಹೊತ್ತು ಬಿಸಿಯಲ್ಲಿಟ್ಟರೆ ಪಾಲಿಫಿನಾಲ್‌ಗಳೇ ಹಾಳಾಗುತ್ತವೆ.

ಒಂದು ತೊಡಕಿದೆ. ಈ ಸಿಪ್ಪೆಯ ಟ್ಯಾನಿನ್ ಪ್ರೋಟೀನನ್ನು ಹಿಡಿದಿಡುತ್ತದೆ, ಕಿಣ್ವವೂ ಪ್ರೋಟೀನೇ. ಹಾಗಾಗಿ ಹಾಕಿದ ಕಿಣ್ವ ಪೂರ್ತಿ ಕೆಲಸ ಮಾಡದಿರಬಹುದು. ಅದೇ ಪುಡಿ, ಅದೇ ಬಿಸಿ, ಅಷ್ಟೇ ಹೊತ್ತು ಇಟ್ಟು, ಕಿಣ್ವವಿಲ್ಲದ ಇನ್ನೊಂದು ಪಾತ್ರೆಯನ್ನೂ ನಡೆಸಿ. ಎರಡೂ ಮಾದರಿಗಳ ಒಟ್ಟು ಫಿನಾಲ್ ಪ್ರಮಾಣವನ್ನು ಪ್ರಯೋಗಾಲಯದಲ್ಲಿ ಅಳೆಸಿ. ಹೆಚ್ಚಿಗೆ ಸಿಕ್ಕ ಸಾರದ ಬೆಲೆ ಕಿಣ್ವದ ಖರ್ಚನ್ನು ಮೀರಿದರೆ ಮುಂದುವರಿಯಿರಿ; ಇಲ್ಲವಾದರೆ ಬಿಸಿನೀರೇ ಸಾಕು.

ತಾಂತ್ರಿಕ ನೆರವಿಗೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಸಂಪರ್ಕಿಸಿ. ಮಾರುವ ಮುನ್ನ ಕೀಟನಾಶಕದ ಶೇಷ ಪರೀಕ್ಷೆ ಮಾಡಿಸಿ. ಲೇಬಲ್ ಮೇಲೆ ರೋಗ ಗುಣಪಡಿಸುವ ಮಾತು ಮಾತ್ರ ಬೇಡ.