ಮರಗಂಬದ ರಕ್ಷಣೆ ಮತ್ತು ಮನೆಯವರ ಆರೋಗ್ಯ

ನೆಲದಲ್ಲಿ ಹೂಳಿದ ಮರದ ಕಂಬವು ಮಣ್ಣಿನ ಮಟ್ಟದಲ್ಲಿಯೇ ಮೊದಲು ಕೊಳೆಯುತ್ತದೆ. ಮರವನ್ನು ತಿನ್ನುವ ಶಿಲೀಂಧ್ರಕ್ಕೆ ತೇವವೂ ಗಾಳಿಯೂ ಬೇಕು. ಕಂಬದ ತುದಿಯಲ್ಲಿ ತೇವ ನಿಲ್ಲದು, ಆಳದಲ್ಲಿ ಗಾಳಿ ಸಾಲದು. ಮರದ ತೇವಾಂಶವು ಶೇಕಡ 20ಕ್ಕಿಂತ ಕಡಿಮೆಯಿದ್ದರೆ ಕೊಳೆತ ತಲೆಯೆತ್ತದು. ದೆಹಲಿಯ ಬೇಸಗೆಯು ಮರವನ್ನು ಒಣಗಿಸುವುದೇನೋ ನಿಜ; ಆದರೆ ಅಂಗಳದ ಬಸಳೆಚಪ್ಪರದ ಬುಡಕ್ಕೆ ದಿನವೂ ನೀರೆರೆಯುವವರಿಗೆ ಆ ಅನುಕೂಲ ದೊರೆಯದು. ಗೆದ್ದಲಿನ ಕಾಟ ಬೇರೆ.

ಇದಕ್ಕೆ ಜಗತ್ತೇ ಅನುಸರಿಸಿದ ಪರಿಹಾರವೊಂದು ದೆಹಲಿಗೆ ಸಮೀಪದ ಡೆಹರಾಡೂನಿನಲ್ಲಿ ಹುಟ್ಟಿತು. ಅಲ್ಲಿಯ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಠಿ ಕಾಮೇಶಂ ಅವರು 1933ರಲ್ಲಿ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್‌ಗಳ ಮಿಶ್ರಣವನ್ನು ರೂಪಿಸಿದರು. ತಾಮ್ರವು ಶಿಲೀಂಧ್ರವನ್ನೂ ಆರ್ಸೆನಿಕ್ ಕೀಟಗಳನ್ನೂ ತಡೆಯುತ್ತವೆ. ಕ್ರೋಮಿಯಂ ಇವೆರಡನ್ನೂ ಮರದ ಎಳೆಗಳಿಗೆ ಬಂಧಿಸುತ್ತದೆ. ಒತ್ತಡದಿಂದ ಇದನ್ನು ಊಡಿದ ಕಂಬಗಳು ದಶಕಗಳವರೆಗೆ ಬಾಳುತ್ತವೆ. ಹೀಗೆ ಎಷ್ಟೋ ಮರಗಳು ಕೊಡಲಿಗೆ ಬೀಳದೆ ಉಳಿದವೆಂಬುದನ್ನು ಮರೆಯಲಾಗದು.

ಆದರೆ ಬಂಧನವು ಪೂರ್ಣವಲ್ಲ. ಆರ್ಸೆನಿಕ್ ಅಲ್ಪಸ್ವಲ್ಪವಾಗಿ ಮಣ್ಣಿಗೆ ಇಳಿಯುತ್ತದೆ. ದೀರ್ಘಕಾಲ ದೇಹವನ್ನು ಸೇರಿದರೆ ಚರ್ಮದ ವಿಕಾರಗಳನ್ನೂ ಕ್ಯಾನ್ಸರನ್ನೂ ಉಂಟುಮಾಡಬಲ್ಲ ವಿಷವಿದು. ಅಮೆರಿಕದ ತಯಾರಕರು 2003ರ ಕೊನೆಗೆ ಮನೆಬಳಕೆಯ ಹೆಚ್ಚಿನ ಮರಗಳಿಗೆ ಇದರ ಉಪಯೋಗವನ್ನು ನಿಲ್ಲಿಸಿದರು.

ಹೆಚ್ಚಿನ ಅಪಾಯವಿರುವುದು ನಿಂತ ಕಂಬಕ್ಕಿಂತ ಉರಿಯುವ ಕಂಬದಲ್ಲಿ. ದೆಹಲಿಯ ಚಳಿಯಲ್ಲಿ ಕೈಗೆ ಸಿಕ್ಕ ಹಳೆಯ ಮರವೆಲ್ಲ ಅಂಗೀಠಿಯ ಪಾಲಾಗುತ್ತದೆ; ಗೇಟಿನ ಕಾವಲುಗಾರನಂತೂ ಇಡೀ ರಾತ್ರಿ ಅದರ ಮುಂದೆಯೇ ಕುಳಿತಿರುತ್ತಾನೆ. ಊಡಿದ ಮರ ಉರಿದಾಗ ಆರ್ಸೆನಿಕ್‌ನ ಒಂದು ಭಾಗ ಹೊಗೆಯನ್ನು ಸೇರುತ್ತದೆ, ಉಳಿದುದು ಬೂದಿಯಲ್ಲಿ ಸಾಂದ್ರವಾಗುತ್ತದೆ. ಊರಿನ ರೂಢಿಯಂತೆ ಆ ಬೂದಿಯಿಂದ ಪಾತ್ರೆ ತಿಕ್ಕುವುದಾಗಲಿ, ಬದನೆಯ ಬುಡಕ್ಕೆ ಚೆಲ್ಲುವುದಾಗಲಿ ಸಲ್ಲದು. ಹಸುರು ಛಾಯೆಯಿದ್ದರೆ ಸಂಶಯಪಡಬೇಕು. ಹಳೆಯದಾದಂತೆ ಆ ಛಾಯೆ ಮಾಸುವುದರಿಂದ ಬಣ್ಣವಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಉದ್ಯಾನದ ಆಸನವಾಗಿ ಬರುವ ಹಳೆಯ ರೈಲ್ವೆ ಸ್ಲೀಪರುಗಳಲ್ಲಿ ಕ್ರಿಯೋಸೋಟ್ ಇರಬಹುದು. ಅದೂ ಕ್ಯಾನ್ಸರ್‌ಕಾರಕವೇ.

ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವು ಮನುಷ್ಯರಿಗೆ ಇವುಗಳಷ್ಟು ಅಪಾಯಕಾರಿಯಲ್ಲ. ಆದರೆ ನೀರಿಗೆ ತೊಳೆದುಹೋಗುವುದರಿಂದ ಸೂರಿನಡಿಯ ಮರಕ್ಕೆ ಮಾತ್ರ ಯೋಗ್ಯ. ಕರಾವಳಿಯಲ್ಲಿ ದೋಣಿಗೆ ಬಳಿಯುವ ಗೇರುಸಿಪ್ಪೆಯ ಎಣ್ಣೆಯು ನೈಸರ್ಗಿಕವೆಂದು ನಿರಪಾಯವಲ್ಲ, ಚರ್ಮದಲ್ಲಿ ಬೊಕ್ಕೆ ಎಬ್ಬಿಸುತ್ತದೆ. ಎಲ್ಲಕ್ಕಿಂತ ಮೇಲಾದುದು ಹಳೆಯ ತೊಟ್ಟಿಮನೆಗಳ ಕ್ರಮ: ಅಲ್ಲಿ ಮರದ ಕಂಬವು ಕಲ್ಲಿನ ಪೀಠದ ಮೇಲೆ ನಿಲ್ಲುತ್ತಿತ್ತು, ಮಣ್ಣನ್ನು ಮುಟ್ಟುತ್ತಿರಲಿಲ್ಲ. ಬಸಳೆಚಪ್ಪರಕ್ಕೂ ಅಂಥದೇ ಕಾಂಕ್ರೀಟಿನ ಪಾದವನ್ನು ಮಾಡಿ, ನೀರು ನಿಲ್ಲದಂತೆ ಅದರ ಮೇಲ್ಭಾಗಕ್ಕೆ ಇಳಿಜಾರು ಕೊಟ್ಟು, ಕಬ್ಬಿಣದ ಪಟ್ಟಿಯಿಂದ ಕಂಬವನ್ನು ಬಿಗಿಯಬಹುದು.